ಗಿರಿಜಕ್ಕ ಮದುಮಗಳಾಗಿ ಕೂತ ಶನಿವಾರಗಳು

ಅಲ್ಲ ಅಲ್ಲ, ಗೋದಿ ಬಂದದ್ದು ಆಮೇಲೆ. ಮೊದಲು ಅಕ್ಕಿ ಇಲ್ಲದೆ ಆದದ್ದು. ಈ ಹುಡುಗ ಎಲ್ಲವನ್ನೂ ಹಿಂದೆ ಮುಂದೆ ಮಾಡ್ತಾನೆ. ನೀನು ಸ್ವಲ್ಪ ಆಚೆ ಸರಿ ರಯನ್, ನಿನ್ನ ಅಮ್ಮ ಸಹ ಕೂತ್ಕೊಳ್ಳಲಿ. ನನ್ನ ಈ ಸೊಸೆ ಶಿವಮೊಗ್ಗದವಳು, ಕೊಂಕಣಿಯಲ್ಲಿ ಹೇಳಿದ್ರೆ ಅರ್ಧ ತಲೆಗೆ ಹೋಗುವುದಿಲ್ಲ ಅವಳಿಗೆ, ಹಾಗಾಗಿ ಕನ್ನಡದಲ್ಲೇ ಹೇಳ್ತೇನೆ. ನಾನು ಕನ್ನಡ ಟೀಚರೇ ಅಲ್ಲವಾ. ಆಗ ನಮ್ಮ ಮನೆ ಬೋಳಾರದಲ್ಲಿ, ಹೊಳೆಯಿಂದ ತುಂಬ ದೂರ ಇಲ್ಲ. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಇದ್ದವರು, ಧೂಳು ಎದೆಗೆ ಹೋಗಿ ಹೋಗಿ ಕೆಮ್ಮು ಹಿಡಿದು ಮನೆಯಲ್ಲಿ ಕೂತಿದ್ರು. ದೊಡ್ಡವಳು ನಾನೇ, ನನ್ನ ಕೆಳಗೆ ನಾಲ್ಕು ಜನ. ಟ್ರೈನಿಂಗ್ ಮುಗಿಸಿ ಬಂದ ಕೂಡಲೇ ಒಂದು ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು, ಎರಡನೇ ಕ್ಲಾಸಿನ ಮಕ್ಕಳಿಗೆ ಅಆಇಈ. ಅದು ಅರವತ್ತರ ದಶಕ, ಅಕ್ಕಿಗೆ ಎಲ್ಲ ಕಡೆ ತತ್ವಾರ. ರೇಶನ್ ಅಂಗಡಿಯಲ್ಲಿ ಚೀಲ ಹಿಡಿದು ಬೆಳಿಗ್ಗೆಯೇ ನಿಲ್ಲಬೇಕು, ನಮ್ಮ ಸರದಿ ಬರುವಾಗ ಅಂಗಡಿಯವ ಕೈ ಆಡಿಸ್ತಾನೆ, ಕುಚ್ಚಲಕ್ಕಿ ಮುಗಿಯಿತು, ಗೋದಿ ಉಂಟು, ಬೇಕಾದ್ರೆ ಹಿಡ್ಕೊಳ್ಳಿ ಅಂತ. ನಮಗೆ ಗೋದಿಯಲ್ಲಿ ಎಂತ ಮಾಡುವುದು ಅಂತ ಯಾರಿಗೆ ಗೊತ್ತಿತ್ತು. ನನ್ನ ಅಮ್ಮ ಅದನ್ನು ಅಕ್ಕಿಯ ಹಾಗೆಯೇ ತೊಳೆದು ಗಂಜಿಗೆ ಇಟ್ಟಳು. ಬೇಯುವುದೇ ಇಲ್ಲ ಮಾರಾಯ್ರೆ. ಮಧ್ಯಾಹ್ನ ಆಯ್ತು, ಸೌದೆ ಮುಗಿಯಿತು, ಗೋದಿ ಹಾಗೆಯೇ ನಮ್ಮನ್ನು ನೋಡಿಕೊಂಡು ಉಂಟು. ಅಪ್ಪ ಒಂದು ತುತ್ತು ಬಾಯಿಗೆ ಹಾಕಿ ಜಗಿದರು, ಜಗಿದರು, ಆಮೇಲೆ ಹೇಳಿದ್ರು, "ಇದನ್ನು ತಿಂದು ಮುಗಿಸುವಾಗ ರಾತ್ರಿಯ ಊಟದ ಹೊತ್ತೇ ಆಗ್ತದೆ, ಹಾಗೆ ನೋಡಿದ್ರೆ ಲಾಭ." ನಾವು ಬಿದ್ದು ಬಿದ್ದು ನಗಾಡಿದೆವು.

ಇರ್ಲಿ, ನಾನು ಹೇಳ್ಲಿಕ್ಕೆ ಹೊರಟದ್ದು ಮದುವೆಯ ವಿಷಯ. ಆಹಾರ ಇಲ್ಲ ಅಂತ ಸರ್ಕಾರ ಒಂದು ಆರ್ಡರ್ ಹಾಕಿತ್ತು, ಮದುವೆಗೆ ಇಷ್ಟೇ ಜನರಿಗೆ ಊಟ ಹಾಕಬಹುದು, ಜಾಸ್ತಿ ಹಾಕಿದ್ರೆ ಕೇಸು ಅಂತ. ನಮ್ಮ ಕ್ರಿಸ್ತುವರ ಮದುವೆ ಅಂದ್ರೆ ಮೊದಲು ಒಂದು ದಿನದ್ದಲ್ಲ, ನಾಲ್ಕೈದು ದಿನದ್ದು. ಮದುವೆಯ ಹಿಂದಿನ ದಿನ ರೋಸ್. ಶಿವಮೊಗ್ಗದವಳಿಗೆ ಹೇಳ್ತೇನೆ, ರೋಸ್ ಅಂದ್ರೆ ಹೂ ಅಲ್ಲ, ತೆಂಗಿನ ಹಾಲು. ಮದುಮಗಳನ್ನು ಮಣೆಯ ಮೇಲೆ ಕೂರಿಸಿ ಹೆಂಗಸರು ಒಬ್ಬೊಬ್ಬರೇ ಬಂದು ತಲೆಗೆ ತೆಂಗಿನ ಹಾಲು ಹಾಕಿ ಕೈಗೆ ಕಾಲಿಗೆ ತಿಕ್ಕುವುದು. ಆಗ ಹಾಡು ಹೇಳುವುದು, ಅದಕ್ಕೆ ವೊವಿ ಅಂತ ಹೆಸರು. ಎಲ್ಲರಿಗೂ ಬರುವ ಹಾಡಲ್ಲ. ಒಬ್ಬಳು ಮುದುಕಿ ಮುಂದೆ ನಿಂತು ಹೇಳ್ತಾಳೆ, ಉಳಿದವರು ಹಿಂದಿನಿಂದ ರಾಗ ಎಳೀತಾರೆ. ನಮ್ಮ ಬೋಳಾರದ ಬದಿಗೆಲ್ಲ ಆ ಮುದುಕಿ ಮೊನ್ನಾಮಾಯ್. ಹೆಸರು ಮೋನಿಕಾ, ಆದ್ರೆ ಹಾಗೆ ಕರೆದವರು ಪಾದ್ರಿಗಳು ಮಾತ್ರ. ಸಣ್ಣ ಜೀವ, ಇಷ್ಟೇ ಇಷ್ಟು, ಕಿವಿಯಲ್ಲಿ ದೊಡ್ಡ ಓಲೆ, ಓದ್ಲಿಕ್ಕೆ ಬರುವುದಿಲ್ಲ, ಹೆಸರು ಬರೀಲಿಕ್ಕೂ ಬರುವುದಿಲ್ಲ. ಆದ್ರೆ ಬಾಯಿ ತೆರೆದ್ರೆ ಮುಗೀತು. ವೊವಿ ಹೇಳುವಾಗ ಅವಳು ನಮ್ಮ ಹಿರಿಯರು ಗೋವೆಯಿಂದ ಹೊರಟದ್ದು, ತಲೆಯ ಮೇಲೆ ಪಾತ್ರೆ ಕಟ್ಟಿಕೊಂಡು ಹೊಳೆ ಹೊಳೆ ದಾಟಿ ಕೆಳಗೆ ಬಂದದ್ದು, ಎಲ್ಲಿ ಉಪವಾಸ ಬಿದ್ದರು, ಎಲ್ಲಿ ಯಾರು ಜಾಗ ಕೊಟ್ಟರು, ಎಲ್ಲ ಹೇಳ್ತಿದ್ದಳು. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಅದರ ಒಂದು ಸಾಲು ಸಹ ಇರ್ಲಿಲ್ಲ, ಗೊತ್ತುಂಟಾ. ನಾನು ಅದೇ ಪುಸ್ತಕ ಓದಿದವಳು.

ಆರ್ಡರ್ ಬಂದದ್ದೇ ಬಂದದ್ದು, ರೋಸ್ ಅರ್ಧ ಗಂಟೆಯದ್ದಾಯ್ತು. ಜನವೇ ಇಲ್ಲ, ಯಾರು ಹಿಂದಿನಿಂದ ಎಳೆಯುವುದು. ನಮ್ಮ ಪಕ್ಕದ ಮನೆಯಲ್ಲಿ ಒಂದು ಮದುವೆ. ಮೊನ್ನಾಮಾಯ್ ಶುರು ಮಾಡಿ ನಾಲ್ಕೋ ಐದೋ ವೊವಿ ಹೇಳಿದ್ದಾಳೆ, ಮದುಮಗಳ ಸೋದರಮಾವ ಬಂದು ಹೇಳಿದ, "ಸಾಕು ಮಾಯ್, ಈಗ ಒಳ್ಳೆಯ ರೆಕಾರ್ಡ್ ಉಂಟು, ಅದನ್ನು ಹಾಕುವ." ಬೈದದ್ದಲ್ಲ, ಮರ್ಯಾದೆಯಿಂದಲೇ ಹೇಳಿದ. ಅವಳು ಕೈ ತೊಳೆದುಕೊಂಡು ಹಿಂದಿನ ಜಗಲಿಯಲ್ಲಿ ಬಂದು ಕೂತಳು. ನಾನು ಅವಳಿಗೆ ಚಹಾ ತೆಗೆದುಕೊಂಡು ಹೋದೆ. ಅವಳು ಚಹಾ ಕುಡೀಲಿಲ್ಲ, ಬೆರಳು ಮಡಚಿ ಎಂತದೋ ಎಣಿಸ್ತಿದ್ದಾಳೆ. ಎಂತ ಮಾಯ್ ಅಂತ ಕೇಳಿದೆ. "ಬಾಯೆ," ಹೇಳಿದಳು, ನಮ್ಮಲ್ಲಿ ಹುಡುಗಿಯರನ್ನು ಹಾಗೆ ಕರೆಯುವುದು, "ಬಾಯೆ, ಪೂರ್ತಿ ಹೇಳದೆ ಎರಡು ವರ್ಷ ಆಯ್ತು. ಮೊದಲು ಬಾಯಿಗೆ ತಾನಾಗಿ ಬರ್ತಿತ್ತು. ಈಗ ನಡುವಿನಲ್ಲಿ ಖಾಲಿ ಖಾಲಿ. ನನಗೆ ಹೆಣ್ಣು ಮಕ್ಕಳಿಲ್ಲ, ಸೊಸೆಗೆ ಮನಸ್ಸಿಲ್ಲ. ನನ್ನ ಜೊತೆಯಲ್ಲಿ ಇದೂ ಗುಂಡಿಗೆ ಹೋಗ್ತದೆ." ಅಳ್ಲಿಲ್ಲ, ಕಾಗದ ಓದಿದ ಹಾಗೆ ಹೇಳಿದಳು. ನನಗೆ ಆಗ ಇಪ್ಪತ್ತೆರಡು. ಟೀಚರ್ ಆಗಿದ್ದೇನೆ ಅಂತ ಸ್ವಲ್ಪ ಜಂಬ ಬೇರೆ. "ಅದಕ್ಕೆಂತ ಮಾಯ್, ನೀವು ಹೇಳಿ, ನಾನು ಬರೀತೇನೆ. ಎರಡು ದಿನದ ಕೆಲಸ" ಅಂದೆ.

ಎರಡು ದಿನ. ಎಂಟು ತಿಂಗಳು ಹಿಡೀತು ಮಕ್ಕಳೇ.

ಮೊದಲನೇ ಶನಿವಾರ ಶಾಲೆ ಅರ್ಧ ದಿನ, ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ನಾನು ಪುಸ್ತಕ ಪೆನ್ಸಿಲ್ ಹಿಡಿದು ಕೂತೆ. ಹೇಳಿ ಅಂದೆ. ಬಾಯಿ ತೆರೆದಳು, ಮೊದಲನೆಯದು ಬಂತು, ಶಿಲುಬೆಯ ಗುರುತು ಹಾಕುವ ವೊವಿ. ಎರಡನೆಯದು ಅರ್ಧ ಬಂತು. ಆಮೇಲೆ ಸುಮ್ಮನಾದಳು. ತೊಡೆಯ ಮೇಲೆ ಕೈ ಆಡಿಸ್ತಾಳೆ, ಗಾಳಿಯಲ್ಲಿ ತಿಕ್ತಾಳೆ, ಬರುವುದಿಲ್ಲ. "ಕೈಯಲ್ಲಿ ಹಾಲು ಬೇಕು ಬಾಯೆ, ಎದುರಿಗೆ ಒಂದು ತಲೆ ಬೇಕು. ಇದು ಮದುಮಗಳಿಗೆ ಹೇಳುವ ಮಾತು. ಗೋಡೆಗೆ ಹೇಳಿದ್ರೆ ಹೇಗೆ ಬರ್ತದೆ?" ಅಂದಳು. ನಾನೇ ಕೂರ್ತೇನೆ ಅಂದೆ. "ನೀನು ಕೂತ್ರೆ ಬರೆಯುವುದು ಯಾರು?" ಅದೂ ಹೌದು. ನನ್ನ ತಂಗಿ ಲಿಲ್ಲಿಯನ್ನು ಕೂರಿಸುವ ಅಂದ್ರೆ ನನ್ನ ಅಮ್ಮ ಅಡಿಗೆಮನೆಯಿಂದ ಹೊರಗೆ ಬಂದಳು, ಕೈಯಲ್ಲಿ ಸೌಟು. "ಮದುವೆ ನಿಶ್ಚಯ ಆಗದ ಹುಡುಗಿಗೆ ಸುಳ್ಳು ರೋಸ್ ಮಾಡಿದ್ರೆ ನಿಜವಾದ ರೋಸ್ ಬರುವುದಿಲ್ಲ. ನನ್ನ ಮನೆಯಲ್ಲಿ ಅದು ಆಗ್ಲಿಕ್ಕೆ ಇಲ್ಲ." ನೆರೆಕರೆಯಲ್ಲಿ ಕೇಳಿದೆ, ಎಲ್ಲ ತಾಯಂದಿರದ್ದೂ ಅದೇ ಮಾತು. ಮದುವೆಯಾದವಳನ್ನು ಕೂರಿಸುವ ಅಂದ್ರೆ ಗಂಡಂದಿರಿಗೆ ಸಿಟ್ಟು. ನಾನು ಒಂದು ತಲೆದಿಂಬಿಗೆ ಬೈರಾಸು, ಅಂದ್ರೆ ಟವೆಲು, ಸುತ್ತಿ ಮಣೆಯ ಮೇಲೆ ಇಟ್ಟೆ. ಮೊನ್ನಾಮಾಯ್ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ನನಗೆ ಪ್ರಾಯ ಆಗಿದೆ ಬಾಯೆ, ಮರ್ಲು ಹಿಡೀಲಿಲ್ಲ" ಅಂತ ಹೇಳಿ ಕೊಡೆ ಹಿಡಿದುಕೊಂಡು ಹೋಗಿಯೇ ಬಿಟ್ಟಳು.

ಹಾಗೆ ಎರಡು ಮೂರು ವಾರ ಎಂತದೂ ಇಲ್ಲ. ಈಗ ಗಿರಿಜಕ್ಕನ ವಿಷಯಕ್ಕೆ ಬರ್ತೇನೆ. ಗಿರಿಜಕ್ಕ ನಮ್ಮ ಮನೆಗೆ ಮೀನು ತರುವವಳು, ಮೊಗವೀರರ ಹೆಂಗಸು, ನಲವತ್ತರ ಹತ್ತಿರ ಪ್ರಾಯ. ಮದುವೆಯಾಗಿ ಮೂರನೇ ವರ್ಷಕ್ಕೆ ಗಂಡನ ದೋಣಿ ಅಳಿವೆಯಲ್ಲಿ ಮಗುಚಿತು. ಅಳಿವೆ ಅಂದ್ರೆ ಹೊಳೆ ಸಮುದ್ರಕ್ಕೆ ಸೇರುವ ಜಾಗ, ಅಲ್ಲಿ ದೊಡ್ಡ ದೊಡ್ಡ ಈಜುಗಾರರೂ ಹೆದರ್ತಾರೆ. ಹೆಣ ಸಹ ಸಿಕ್ಕಲಿಲ್ಲವಂತೆ. ಆವತ್ತಿನಿಂದ ಬುಟ್ಟಿ ತಲೆಗೆ ಹಾಕಿದವಳು ಇಳಿಸ್ಲಿಲ್ಲ. ಆ ದಿನ ಬೂತಾಯಿ ತಂದಿದ್ದಳು. ಅಮ್ಮ ಮೀನು ಆರಿಸ್ತಾ ಆರಿಸ್ತಾ ನನ್ನನ್ನು ದೂರಿದಳು, ನೋಡು ಗಿರಿಜ, ಟೀಚರಿಗೆ ಹೊಸ ಹುಚ್ಚು, ಬಾಡಿಗೆಗೆ ಮದುಮಗಳು ಹುಡುಕ್ತಿದ್ದಾಳೆ ಅಂತ. ಗಿರಿಜಕ್ಕ ತುಳುವಿನಲ್ಲಿ ಕೇಳಿದಳು, "ಎಂಚಿನ ಬಾಯಮ್ಮಾ ಉಂದು?" ಇದೆಂತ ಬಾಯಮ್ಮ ಅಂತ. ನಾನು ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಮೀನಿನ ಮೇಲಿನ ನೊಣ ಓಡಿಸಿದಳು. "ಕೂತುಕೊಳ್ಳುವುದು ಮಾತ್ರವಾ? ಬೇರೆ ಎಂತದೂ ಮಾಡ್ಲಿಕ್ಕೆ ಇಲ್ಲವಾ?" ಎಂತದೂ ಇಲ್ಲ, ಮಾತಾಡಬಾರದು ಅಷ್ಟೆ, ರೋಸಿನಲ್ಲಿ ಮದುಮಗಳು ಮಾತಾಡುವ ಕ್ರಮ ಇಲ್ಲ ಅಂದೆ. "ಹಾಗಾದ್ರೆ ನಾನು ಕೂರ್ತೇನೆ. ನನ್ನದು ಹಾಳಾಗ್ಲಿಕ್ಕೆ ಇನ್ನೆಂತ ಉಂಟು? ಶನಿವಾರ ಮಧ್ಯಾಹ್ನ ಬುಟ್ಟಿ ಖಾಲಿ ಇರ್ತದೆ. ಒಂದು ಗಂಟೆ ಕಾಲು ಚಾಚಿ ಕೂತ ಹಾಗೂ ಆಯ್ತು." ನನ್ನ ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. "ನಿನ್ನವರು ಎಂತ ಹೇಳಿಯಾರು ಗಿರಿಜ? ವಿಧವೆ, ಅದೂ ಕಿರಿಸ್ತಾನರ ಮನೆಯಲ್ಲಿ." ಗಿರಿಜಕ್ಕ ಬುಟ್ಟಿ ಎತ್ತಿಕೊಂಡಳು. "ಹೇಳುವವರು ನನಗೆ ಗಂಜಿ ಕೊಟ್ಟು ಹೇಳ್ತಾರಾ?"

ಬಂದಳು. ಮೀನಿನ ಸೀರೆ ಬದಲಿಸಿ, ಮುಖ ತೊಳೆದು, ಒಗೆದ ಸೀರೆ ಉಟ್ಟು ಬಂದಿದ್ದಳು, ತಲೆ ಬಾಚಿದ್ದಳು. ಅದನ್ನು ನೋಡಿ ಅಮ್ಮನೂ ತಣ್ಣಗಾದಳು. ಆದ್ರೆ ತೆಂಗಿನಕಾಯಿಯ ವಿಷಯದಲ್ಲಿ ಮಾತ್ರ ಅಮ್ಮನದ್ದು ಒಂದು ಕಾನೂನು. ಒಂದು ಕಾಯಿ, ಅದರ ಮೊದಲನೇ ಹಾಲು, ಎರಡನೇ ಹಾಲು ಸಾರಿಗೆ. ಮೂರನೆಯ ಸಲ ಹಿಂಡಿದ ನೀರು ಮದುಮಗಳ ತಲೆಗೆ. ಮೊನ್ನಾಮಾಯ್ ಅದರಲ್ಲಿ ಬೆರಳು ಅದ್ದಿ, "ಇದರಲ್ಲಿ ಹಾಲಿಗಿಂತ ಬಾವಿ ಜಾಸ್ತಿ ಉಂಟು" ಅಂದಳು, ಆದ್ರೆ ಬೊಗಸೆಯಲ್ಲಿ ತೆಗೆದು ಗಿರಿಜಕ್ಕನ ನೆತ್ತಿಗೆ ಹಾಕಿದಳು. ಹಾಕಿದ್ದೇ ತಡ, ವೊವಿ ಬಂತು ನೋಡಿ. ಒಂದರ ಹಿಂದೆ ಒಂದು, ನನಗೆ ಬರೆದು ಪೂರೈಸುವುದಿಲ್ಲ. ಕೊಂಕಣಿಯ ಮೂಗಿನ ಉಚ್ಚಾರಕ್ಕೆ ಕನ್ನಡದಲ್ಲಿ ಅಕ್ಷರ ಇಲ್ಲ, ನಾನೇ ಮೇಲೆ ಒಂದು ಚುಕ್ಕಿ ಇಟ್ಟು ಗುರುತು ಮಾಡಿಕೊಂಡೆ. ಬರೀತಾ ಬರೀತಾ ತಲೆ ಎತ್ತಿ ನೋಡಿದ್ರೆ ಗಿರಿಜಕ್ಕನ ಕಣ್ಣಲ್ಲಿ ನೀರು. ನಾನು ಹೆದರಿದೆ, ನಿಲ್ಲಿಸುವುದಾ ಅಂತ ಕೇಳಿದೆ. ಅವಳು ಕೈಯಲ್ಲೇ ಬೇಡ ಅಂದಳು. ಎಲ್ಲ ಮುಗಿದು ಬೈರಾಸಿನಲ್ಲಿ ತಲೆ ಒರೆಸಿಕೊಳ್ಳುವಾಗ ಹೇಳಿದಳು, "ಅವರು ಹೋದ ಮೇಲೆ ನನ್ನ ತಲೆಗೆ ಬುಟ್ಟಿ ಅಲ್ಲದೆ ಇನ್ನೊಬ್ಬರ ಕೈ ಬಿದ್ದದ್ದು ಇವತ್ತೇ. ಬಂಧುಗಳ ಮದುವೆಯಲ್ಲಿ ನಾನು ಹಿಂದೆ ಹಿಂದೆ ನಿಲ್ಲುವವಳು." ಆಮೇಲೆ ಬೈರಾಸು ಕೊಡವಿ, "ಬರುವ ಶನಿವಾರವೂ ಉಂಟಲ್ಲ?" ಅಂತ ಕೇಳಿದಳು. ಮೊನ್ನಾಮಾಯ್ ಅವಳ ಬೆನ್ನ ಮೇಲೆ ಉಳಿದಿದ್ದ ಹಾಲನ್ನು ತನ್ನ ಸೆರಗಿನಲ್ಲಿ ಒರೆಸಿದಳು.

ಹಾಗೆ ಶನಿವಾರ ಶನಿವಾರ. ಮಳೆಗಾಲ ಕಳೆಯಿತು, ನತಾಲ್, ಅಂದ್ರೆ ಕ್ರಿಸ್ಮಸ್ ಹಬ್ಬ ಬಂತು, ನನ್ನ ಪುಸ್ತಕ ಮುಕ್ಕಾಲು ತುಂಬಿತು. ಎಷ್ಟು ಖುಷಿಯ ದಿನಗಳು ಅವು ಗೊತ್ತುಂಟಾ. ಹೊಟ್ಟೆಗೆ ಗೋದಿ, ಆದ್ರೂ ಖುಷಿ. ಅಪ್ಪ ಸಹ ಕೆಮ್ಮಿಕೊಂಡು ಬಾಗಿಲ ಬದಿಯಲ್ಲಿ ಕೂತು ಕೇಳ್ತಿದ್ದರು, ಗಂಡಸರು ಕೇಳಬಾರದು ಅಂತ ಮೊನ್ನಾಮಾಯ್ ಬೈದ್ರೆ, ನಾನು ಕೇಳುವುದಿಲ್ಲ, ಕೆಮ್ಮುವುದು ಅಂತ ಹೇಳ್ತಿದ್ದರು. ಆಗಲೇ ಹೊಳೆಗಳ ವೊವಿ ಬಂದದ್ದು. ಹೇಳಿದೆನಲ್ಲ, ಗೋವೆಯಿಂದ ಕೆಳಗೆ ಬಂದದ್ದು. ಒಂದೊಂದು ಹೊಳೆಗೆ ಒಂದೊಂದು ವೊವಿ. ಕಾಳಿ ದಾಟಿದ್ದು, ಶರಾವತಿ ದಾಟಿದ್ದು, ಗಂಗೊಳ್ಳಿ ದಾಟಿದ್ದು, ಚಂದ ಬಂತು. ಗಂಗೊಳ್ಳಿ ಆದ ಮೇಲೆ ಮೊನ್ನಾಮಾಯ್ ನಿಂತಳು. ಉದ್ಯಾವರ ಹೊಳೆ ಅಂತ ಶುರು ಮಾಡಿದಳು, ತಾಳ ತಪ್ಪಿತು. ಪುನಃ ಹಿಂದಿನಿಂದ ಹೇಳಿಕೊಂಡು ಬಂದಳು, ಪುನಃ ಅಲ್ಲಿಯೇ ನಿಂತಳು. "ಇಲ್ಲಿ ಎಂತದೋ ಉಂಟು. ಇದರ ಕೊನೆಯ ಮಾತನ್ನು ಹಿಡಿದುಕೊಂಡೇ ಮುಂದಿನದ್ದು ಬರುವುದು. ಇದು ಬಾರದೆ ಮುಂದಿನದ್ದು ಒಂದೂ ಬರುವುದಿಲ್ಲ." ಆ ಶನಿವಾರ ಇಲ್ಲ, ಅದರ ಮುಂದಿನ ಶನಿವಾರ ಇಲ್ಲ, ಮೂರನೆಯದ್ದಕ್ಕೂ ಇಲ್ಲ. ನಾಲ್ಕನೆಯ ಶನಿವಾರ ಅವಳು ಬರ್ಲೇ ಇಲ್ಲ. ನಾನು ಮನೆಗೆ ಹೋದ್ರೆ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ಜ್ವರವೂ ಇತ್ತು. "ಬರೆದಷ್ಟು ಸಾಕು ಬಾಯೆ. ಅರ್ಧ ದಾರಿಯಲ್ಲಿ ಬಿಟ್ಟು ಹೋದವಳು ಅಂತ ನನ್ನ ಹೆಸರು ಬರಿ" ಅಂದಳು. ಅದನ್ನು ಕೇಳಿ ನನಗೆ ತುಂಬ ಬೇಜಾರಾಯ್ತು. ಮನೆಯಲ್ಲಿ ಆ ದಿನ ನಾನು ಊಟ ಮಾಡ್ಲಿಲ್ಲ. ಗೋದಿ ಅಂತ ಅಲ್ಲ, ನಿಜವಾಗಿಯೂ ಬೇಜಾರು.

ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲಿ ಗಿರಿಜಕ್ಕ ಸಿಕ್ಕಿದಳು. ಶನಿವಾರ ಯಾಕೆ ಇರ್ಲಿಲ್ಲ ಟೀಚರ್, ನಾನು ಬಂದು ಹೋದೆ ಅಂದಳು. ಹೇಳಿದೆ, ಹೀಗೆ, ಮಾಯ್ ಮಲಗಿದ್ದಾಳೆ, ಗಂಗೊಳ್ಳಿ ಆದ ಮೇಲೆ ಅವಳಿಗೆ ದಾರಿ ಸಿಕ್ಕುವುದಿಲ್ಲ. ಗಿರಿಜಕ್ಕ ಬುಟ್ಟಿ ಇಳಿಸಿದಳು. "ಅದಕ್ಕೆ ಮಲಗಿದ್ದಾ? ಗಂಗೊಳ್ಳಿ ಆದ ಮೇಲೆ ಹಂಗಾರಕಟ್ಟೆ ಅಳಿವೆ ಅಲ್ಲವಾ. ಸೀತಾನದಿ. ಅದನ್ನು ದಾಟದೆ ಉದ್ಯಾವರಕ್ಕೆ ಹೇಗೆ ಬರ್ತಾರೆ, ಹಾರಿಕೊಂಡು ಬರ್ತಾರಾ? ನನ್ನ ತಾಯಿಯ ಮನೆ ಅಲ್ಲಿಯೇ. ದೋಣಿಯಲ್ಲಿ ಹೋಗುವವರಿಗೆ ಎಲ್ಲ ಅಳಿವೆಯೂ ಬಾಯಿಪಾಠ." ನಾನು ನಿಂತಲ್ಲೇ ನಿಂತೆ. ನಿಮಗೆ ಯಾವಾಗ ಗೊತ್ತಾಯ್ತು ಅಂತ ಕೇಳಿದೆ. "ಅವರು ನಿಂತ ಮೊದಲನೇ ಶನಿವಾರವೇ. ಭಾಷೆ ಗೊತ್ತಿಲ್ಲದಿದ್ರೂ ಹೊಳೆಯ ಹೆಸರು ಗೊತ್ತಾಗುವುದಿಲ್ಲವಾ." ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ? "ಮದುಮಗಳು ಮಾತಾಡಬಾರದು ಅಂತ ನೀವೇ ಹೇಳಿದ್ದಲ್ಲವಾ?"

ನಾನು ಆ ದಿನ ಶಾಲೆಗೆ ಲೇಟಾಗಿ ಹೋಗಿ ಹೆಡ್‌ಮಿಸ್ಟ್ರೆಸ್ ಹತ್ತಿರ ಬೈಗುಳ ತಿಂದೆ. ದಾರಿಯಿಂದಲೇ ನೇರ ಮೊನ್ನಾಮಾಯ್ ಮನೆಗೆ ಹೋದೆವು, ಇಬ್ಬರೂ. ಗಿರಿಜಕ್ಕ ಮೀನಿನ ಸೀರೆಯಲ್ಲೇ ಅವಳ ಚಾಪೆಯ ಹತ್ತಿರ ಕೂತು ತಲೆ ಬಗ್ಗಿಸಿದಳು. ಹಾಲಿಲ್ಲ, ನೀರಿಲ್ಲ. ಮೊನ್ನಾಮಾಯ್ ಕಣ್ಣು ಮುಚ್ಚಿಕೊಂಡೇ ಒಣ ಕೈಯನ್ನು ಅವಳ ತಲೆಯ ಮೇಲೆ ಇಟ್ಟಳು. ಗಿರಿಜಕ್ಕ ಮೆಲ್ಲ ಹೇಳಿದಳು, "ಬಾಯಮ್ಮ, ಸೀತಾನದಿ." ಆಮೇಲೆ ಮೊನ್ನಾಮಾಯಿಯ ಬೆರಳು ಆಡಿತು. ಬೆರಳಿನ ಹಿಂದೆ ಸ್ವರ ಬಂತು, ಸಣ್ಣಕ್ಕೆ, ಒಡೆದ ಸ್ವರ. ಸೀತಾನದಿಯ ಬಾಯಿಯಲ್ಲಿ ಒಂದೇ ಒಂದು ದೋಣಿ ಇತ್ತಂತೆ, ಮಕ್ಕಳನ್ನು ಮೊದಲು ದಾಟಿಸಿದ್ರಂತೆ, ಆಮೇಲೆ ಪಾತ್ರೆಗಳು, ಆಮೇಲೆ ಹೆಂಗಸರು, ಕೊನೆಗೆ ಜಾಗ ಉಳಿದ್ರೆ ಗಂಡಸರು. ಅದನ್ನು ಹೇಳಿ ಅವಳೇ ನಗಾಡಿದಳು. ಎದ್ದು ಕೂತಳು. ಉದ್ಯಾವರ ಬಂತು, ಶಾಂಭವಿ ಬಂತು, ಗುರುಪುರ ಹೊಳೆ ಬಂತು, ನೇತ್ರಾವತಿ ಬಂತು. ನನ್ನ ಹತ್ತಿರ ಪುಸ್ತಕ ಇಲ್ಲ. ಮಕ್ಕಳ ಕಾಪಿ ತಿದ್ದಲಿಕ್ಕೆ ತಂದದ್ದು ಚೀಲದಲ್ಲಿ ಇತ್ತು, ಅದರ ಹಿಂದಿನ ಹಾಳೆಯಲ್ಲೆಲ್ಲ ಬರೆದೆ. ಆಮೇಲೆ ಆ ಮಕ್ಕಳಿಗೆ ನಾನೇ ಹೊಸ ಕಾಪಿ ತೆಗೆದುಕೊಡಬೇಕಾಯ್ತು ಅನ್ನಿ.

ಪುಸ್ತಕ ಮುಗಿದ ಮೇಲೆ ಇನ್ನೊಂದು ಗಲಾಟೆ. ವಾರ್ಡಿನ ಹೆಂಗಸರು ಕೇಳಿಕೊಂಡು ಬಂದ್ರು, ನಮಗೂ ಬೇಕು ಅಂತ. ಆಗ ಜೆರಾಕ್ಸ್ ಎಲ್ಲಿ ಉಂಟು, ಕೈಯಲ್ಲೇ ನಕಲು ಮಾಡಬೇಕು. ಸಂಜೆ ನಾಲ್ಕೈದು ಜನ ನಮ್ಮ ಜಗಲಿಯಲ್ಲಿ ಕೂತು ಬರೀತಿದ್ದರು, ಅದರಲ್ಲಿ ಇಬ್ಬರಿಗೆ ಅಕ್ಷರ ಕಲಿಸಿದ್ದು ನಾನೇ. ಬರೆಯುವಾಗ ಜಗಳ. ಇದು ಹೀಗಲ್ಲ, ನನ್ನ ಅಜ್ಜಿ ಬೇರೆ ಹೇಳ್ತಿದ್ದಳು ಅಂತ ಒಬ್ಬಳು, ನಿನ್ನ ಅಜ್ಜಿಗೆ ಕಿವಿ ಕೇಳ್ತಿರ್ಲಿಲ್ಲ ಅಂತ ಇನ್ನೊಬ್ಬಳು. ನಾನು ಎರಡನ್ನೂ ಬರೆದೆ, ಯಾರ ಅಜ್ಜಿಯನ್ನೂ ಬಿಡ್ಲಿಲ್ಲ. ಒಬ್ಬರು ಕಲಿತ ಮಹನೀಯರು ಬಂದು, ಇದರಲ್ಲಿ ತುಳು ಶಬ್ದ ಸೇರಿದೆ, ತೆಗೆದು ಶುದ್ಧ ಮಾಡಿಕೊಡ್ತೇನೆ ಅಂದ್ರು. ಮೊನ್ನಾಮಾಯ್ ಅವರಿಗೆ ಚಹಾ ಕೊಟ್ಟಳು, ಪುಸ್ತಕ ಕೊಡ್ಲಿಲ್ಲ. "ದಾರಿಯಲ್ಲಿ ಸಿಕ್ಕಿದವರು ಕೊಟ್ಟದ್ದು ಅದು ಬಾಬ್. ಕೊಟ್ಟದ್ದನ್ನು ಬಿಸಾಡುವುದು ಸರಿಯಲ್ಲ" ಅಂದಳು.

ಮರುವರ್ಷ ನನ್ನದೇ ಮದುವೆ, ನಿಮ್ಮ ಅಜ್ಜನ ಜೊತೆ. ಆಗಲೂ ಆ ಆರ್ಡರ್ ಇತ್ತು, ಊಟಕ್ಕೆ ಜನ ಲೆಕ್ಕದ್ದೇ. ನಾನು ಅಮ್ಮನಿಗೆ ಹೇಳಿದೆ, ಮದುವೆಗೆ ಎಷ್ಟು ಜನ ಕಡಿಮೆ ಮಾಡಿದ್ರೂ ಅಡ್ಡಿಯಿಲ್ಲ, ರೋಸಿಗೆ ಊಟ ಬೇಡ, ಚಹಾ ಮಾತ್ರ, ಆದ್ರೆ ಹೆಂಗಸರೆಲ್ಲ ಬರಬೇಕು. ಬಂದ್ರು. ಮೊನ್ನಾಮಾಯ್ ಮುಂದೆ ನಿಂತಳು, ಹಿಂದೆ ಪುಸ್ತಕ ಹಿಡಿದುಕೊಂಡು ಆ ಜಗಳದ ಹೆಂಗಸರು. ಮೊದಲಿಂದ ಕೊನೆಯವರೆಗೆ, ಒಂದೂ ಬಿಡದೆ. ಗಿರಿಜಕ್ಕ ಬಾಗಿಲ ಹತ್ತಿರ ಹಿಂದೆ ನಿಂತಿದ್ದಳು. ಹಾಲು ಹಾಕುವ ಹೊತ್ತಿಗೆ ಮೊನ್ನಾಮಾಯ್ ಕರೆದಳು, "ಗಿರಿಜ, ಬಾ, ಮೊದಲು ನೀನು ಹಾಕು." ನನ್ನ ದೊಡ್ಡಪ್ಪನ ಹೆಂಡತಿ ಮೆಲ್ಲ ಹೇಳಿದಳು, ಅವಳು ವಿಧವೆ ಅಲ್ಲವಾ, ನಮ್ಮ ಜಾತಿಯೂ ಅಲ್ಲ. ಮೊನ್ನಾಮಾಯ್ ತಿರುಗಿಯೂ ನೋಡ್ಲಿಲ್ಲ. "ಈ ಬೋಳಾರದಲ್ಲಿ ಅವಳಷ್ಟು ಸಲ ರೋಸಿಗೆ ಕೂತ ಹೆಂಗಸು ಇನ್ನೊಬ್ಬಳಿಲ್ಲ. ಕ್ರಮ ಅವಳಿಗೆ ಗೊತ್ತುಂಟು." ಗಿರಿಜಕ್ಕ ಬಂದಳು. ಮದುಮಗಳು ಮಾತಾಡಬಾರದಲ್ಲ, ನಾನು ಸುಮ್ಮನೆ ಅವಳ ಕಾಲು ನೋಡಿಕೊಂಡು ಕೂತೆ, ಸಮುದ್ರದ ಮರಳಿನಲ್ಲಿ ನಡೆದು ನಡೆದು ಒಡೆದ ಹಿಮ್ಮಡಿ. ನೆತ್ತಿಗೆ ಹಾಲು ಬಿತ್ತು, ತಂಪು. ಆ ದಿನ ಅಮ್ಮ ಮೊದಲನೇ ಹಾಲನ್ನೇ ಕೊಟ್ಟಿದ್ದಳು.

ನಮ್ಮದು ಅಂತ ನಾವು ಹೇಳುವುದು ಉಂಟಲ್ಲ, ಅದನ್ನು ಉಳಿಸ್ಲಿಕ್ಕೆ ನಾವು ಮಾತ್ರ ಸಾಕಾಗುವುದಿಲ್ಲ ಮಕ್ಕಳೇ. ನೆರೆಯವರು ಬೇಕು, ಗೊತ್ತಿದ್ದವರನ್ನು ಕೇಳಬೇಕು, ಅದೂ ಅವರು ಎದ್ದು ಕೂತಿರುವಾಗಲೇ ಕೇಳಬೇಕು. ಆಯ್ತು, ಏಳಿ, ಕೈ ತೊಳೀರಿ, ಅನ್ನ ತಣ್ಣಗಾಗ್ತದೆ.